ಎರಡನೇ ಭಾಗ ಸಪ್ಪೆಯಾದಾಗ ವಿಮರ್ಶೆ ಬರೆಯುವ ಬಗೆ: ‘ಗೂಸ್‌ಬಂಪ್ಸ್’ ಜೋಡಿಯನ್ನು ಎದುರಿಗಿಟ್ಟುಕೊಂಡು

ಮಕ್ಕಳ ಭೂತದ ಸಿನಿಮಾವೊಂದರ ಎರಡನೇ ಭಾಗ ನಿರಾಸೆಗೊಳಿಸಿದಾಗ ನಾವು ಬರೆಯುವ ವಿಮರ್ಶೆ ಸಾಮಾನ್ಯವಾಗಿ ಒಂದೇ ವಾಕ್ಯದ ವಿಸ್ತರಣೆಯಾಗಿರುತ್ತದೆ: ಮೊದಲನೆಯದರಷ್ಟು ಚೆನ್ನಾಗಿಲ್ಲ. ಇದು ತೀರ್ಪೇ ಹೊರತು ವಿಮರ್ಶೆಯಲ್ಲ. ತೀರ್ಪು ಸರಿಯಾಗಿಯೇ ಇರಬಹುದು, ಆದರೆ ಚಿತ್ರ ನೋಡಿದ ಒಂಬತ್ತು ವರ್ಷದ ಹುಡುಗಿಯೂ ಅಷ್ಟನ್ನು ಹೇಳಬಲ್ಲಳು. ಓದುಗ ವಿಮರ್ಶಕನಿಂದ ಬಯಸುವುದು ಅದರ ಮುಂದಿನ ಮಾತನ್ನು, ಅಂದರೆ ಅದೇ ಬೊಂಬೆ, ಅದೇ ಮಂತ್ರ, ಅದೇ ಬೀಗ ಹಾಕಿದ ಪುಸ್ತಕ ಇದ್ದೂ ಈ ಬಾರಿ ಮೈ ಏಕೆ ಜುಮ್ಮೆನ್ನಲಿಲ್ಲ ಎಂಬುದನ್ನು. ಅದನ್ನು ಪತ್ತೆ ಹಚ್ಚಿ ಬರೆಯುವುದಕ್ಕೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ಉದಾಹರಣೆಗೆ 2015ರಲ್ಲಿ ಬಂದ ‘ಗೂಸ್‌ಬಂಪ್ಸ್’ ಮತ್ತು 2018ರಲ್ಲಿ ಬಂದ ಅದರ ಎರಡನೇ ಭಾಗ ‘ಗೂಸ್‌ಬಂಪ್ಸ್ 2: ಹಾಂಟೆಡ್ ಹ್ಯಾಲೋವೀನ್’ ಚಿತ್ರಗಳನ್ನು ತೆಗೆದುಕೊಂಡಿದ್ದೇನೆ. ಒಂದು ಎಚ್ಚರಿಕೆ: ಎರಡರ ಕಥೆಯನ್ನೂ ಕೊನೆಯವರೆಗೆ ಬಿಚ್ಚಿಡುತ್ತೇನೆ. ಮೊದಲನೆಯದನ್ನು ಇನ್ನೂ ನೋಡದವರು ನೋಡಿಕೊಂಡು ಬಂದು ಓದುವುದು ಒಳ್ಳೆಯದು.

ಬರೆಯಲು ಕೂರುವ ಮೊದಲು ಮಾಡಬೇಕಾದ ಕೆಲಸವೆಂದರೆ ಮೊದಲ ಚಿತ್ರವನ್ನು ಮತ್ತೊಮ್ಮೆ, ಸಾಧ್ಯವಾದರೆ ಎರಡನೆಯದನ್ನು ನೋಡುವ ವಾರದಲ್ಲೇ, ನೋಡುವುದು. ಇದನ್ನು ಬಿಟ್ಟವರು ಚಿತ್ರವನ್ನು ಚಿತ್ರದೊಂದಿಗೆ ಹೋಲಿಸದೆ ತಮ್ಮ ನೆನಪಿನೊಂದಿಗೆ ಹೋಲಿಸುತ್ತಾರೆ, ಮತ್ತು ನೆನಪು ಯಾವಾಗಲೂ ಹಳೆಯದರ ಪಕ್ಷ ವಹಿಸುತ್ತದೆ. ನನಗೆ ಮೊದಲ ಚಿತ್ರದ ನಡುಭಾಗ ಬಹಳ ಬಿಗಿಯಾಗಿತ್ತೆಂಬ ನೆನಪಿತ್ತು. ಮರಳಿ ನೋಡಿದಾಗ, ರಾಕ್ಷಸರೆಲ್ಲ ಒಮ್ಮೆಗೇ ಊರಿಗೆ ನುಗ್ಗಿದ ಮೇಲೆ ಅದೂ ಬರಿಯ ಗದ್ದಲವಾಗುತ್ತದೆಂಬುದು ಕಾಣಿಸಿತು. ಇಂಥದ್ದನ್ನು ಕಂಡುಕೊಂಡ ಮೇಲೆ ಎರಡನೆಯದರ ಗದ್ದಲವನ್ನು ಮಾತ್ರ ದೂರುವುದು ನ್ಯಾಯವಾಗುವುದಿಲ್ಲ. ದೋಷ ಬೇರೆಲ್ಲೋ ಇರಬೇಕೆಂದು ಹುಡುಕಬೇಕಾಗುತ್ತದೆ.

ನೋಡುವಾಗ ಕಥಾಸಾರಾಂಶವನ್ನು ಬರೆದುಕೊಳ್ಳುವ ಅಗತ್ಯವಿಲ್ಲ. ಕಾಗದವನ್ನು ಎರಡು ಕಂಬವಾಗಿ ಮಡಚಿ, ಎಡಗಡೆ ನಿಮಗೆ ನಿಜವಾಗಿ ಅಂಜಿಕೆಯಾದ ಕ್ಷಣಗಳನ್ನೂ ಬಲಗಡೆ ಚಿತ್ರ ನಿಮ್ಮನ್ನು ಅಂಜಿಸಲು ಪ್ರಯತ್ನಿಸಿದ ಕ್ಷಣಗಳನ್ನೂ ಗುರುತು ಹಾಕಿಕೊಂಡರೆ ಸಾಕು. ಮೊದಲ ಚಿತ್ರಕ್ಕೆ ಎರಡೂ ಕಂಬಗಳು ಹೆಚ್ಚುಕಡಿಮೆ ಜೊತೆಜೊತೆಯಾಗಿ ಇಳಿದವು. ಎರಡನೆಯದಕ್ಕೆ ಬಲಗಡೆಯ ಕಂಬ ಕಾಗದದ ಬೆನ್ನಿಗೂ ಹರಿಯಿತು, ಎಡಗಡೆ ನಾಲ್ಕು ಸಾಲು ಮಾತ್ರ ಉಳಿದಿತ್ತು. ಆ ನಾಲ್ಕೂ ಚಿತ್ರದ ಮೊದಲರ್ಧದವು. ಇಷ್ಟು ಕೈಗೆ ಸಿಕ್ಕರೆ ನಿಮ್ಮ ವಿಮರ್ಶೆ ಎಲ್ಲಿಂದ ಹೊರಡಬೇಕೆಂಬುದು ಅರ್ಧ ತಿಳಿದಂತೆ.

ಈಗ ಎರಡು ಚಿತ್ರಗಳ ಹಂದರ. ಆರ್. ಎಲ್. ಸ್ಟೈನ್ 1992ರಿಂದ ಬರೆಯುತ್ತ ಬಂದ ಮಕ್ಕಳ ಭಯಕಥೆಗಳ ಮಾಲೆ ಇವೆರಡಕ್ಕೂ ಮೂಲ. ಮೊದಲ ಚಿತ್ರವನ್ನು ನಿರ್ದೇಶಿಸಿದವರು ರಾಬ್ ಲೆಟರ್‌ಮನ್. ಅದು ಯಾವುದೋ ಒಂದು ಪುಸ್ತಕವನ್ನು ತೆರೆಗೆ ತರುವುದರ ಬದಲು ಲೇಖಕನನ್ನೇ ಪಾತ್ರವಾಗಿಸುವ ಜಾಣತನ ತೋರಿತು. ತಂದೆಯನ್ನು ಕಳೆದುಕೊಂಡ ಝ್ಯಾಕ್ ಎಂಬ ಹುಡುಗ ತಾಯಿಯೊಡನೆ ನ್ಯೂಯಾರ್ಕಿನಿಂದ ಡೆಲವೇರ್ ರಾಜ್ಯದ ಮ್ಯಾಡಿಸನ್ ಎಂಬ ಸಣ್ಣ ಊರಿಗೆ ಬರುತ್ತಾನೆ. ಪಕ್ಕದ ಮನೆಯಲ್ಲಿ ಹೆಸರು ಮರೆಸಿಕೊಂಡು ಬದುಕುತ್ತಿರುವ ಸಿಡುಕು ಮೋರೆಯ ಮನುಷ್ಯನೇ ಸ್ಟೈನ್. ಅವನ ಕಪಾಟಿನಲ್ಲಿ ಹಸ್ತಪ್ರತಿಗಳಿಗೆಲ್ಲ ಬೀಗ ಜಡಿದಿದೆ, ಏಕೆಂದರೆ ತೆರೆದರೆ ಒಳಗಿನ ರಾಕ್ಷಸ ಹೊರಗೆ ಬರುತ್ತಾನೆ. ಸ್ಟೈನ್ ಪಾತ್ರದಲ್ಲಿ ಜ್ಯಾಕ್ ಬ್ಲ್ಯಾಕ್ ನಟಿಸಿದ್ದಾರೆ. ಎರಡನೆಯದನ್ನು ನಿರ್ದೇಶಿಸಿದವರು ಏರಿ ಸ್ಯಾಂಡೆಲ್. ಊರು ಬೇರೆ, ಮಕ್ಕಳು ಬೇರೆ: ಹಳೆ ಸಾಮಾನು ಆಯುವ ಸಾನಿ ಮತ್ತು ಸ್ಯಾಮ್ ಎಂಬ ಗೆಳೆಯರು ಪಾಳುಮನೆಯೊಂದರಲ್ಲಿ ಬೀಗ ಹಾಕಿದ ಪುಸ್ತಕವನ್ನು ಕಂಡು ತೆರೆಯುತ್ತಾರೆ, ಮೊದಲ ಚಿತ್ರದಲ್ಲೂ ಇದ್ದ ಸ್ಲ್ಯಾಪಿ ಎಂಬ ಮಾತನಾಡುವ ಬೊಂಬೆ ಹೊರಬರುತ್ತದೆ. ಸಾನಿಯ ಅಕ್ಕ ಸಾರಾ, ತಾಯಿ ಕ್ಯಾಥಿ ಇವರೂ ಈ ಸಿಕ್ಕಿನಲ್ಲಿ ಸಿಲುಕುತ್ತಾರೆ. ಸ್ಟೈನ್ ಇಲ್ಲಿ ಬಂದು ಹೋಗುವ ಅತಿಥಿ. ವಿಮರ್ಶೆಯಲ್ಲಿ ಕಥೆಗೆ ಇದಕ್ಕಿಂತ ಹೆಚ್ಚು ಜಾಗ ಕೊಡಬೇಡಿ. ಕಥೆ ಹೇಳುತ್ತ ಹೋದರೆ ವಿಮರ್ಶೆ ಬರೆದ ಭ್ರಮೆಯಾಗುತ್ತದೆ.

ಮುಂದಿನ ಹಂತ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಎರಡೂ ಚಿತ್ರಗಳಿಂದ ಒಂದೊಂದು ದೃಶ್ಯವನ್ನು, ಸಾಧ್ಯವಾದಷ್ಟು ಒಂದೇ ಜಾತಿಯದನ್ನು, ಆರಿಸಿಕೊಂಡು ಹತ್ತಿರದಿಂದ ನೋಡಬೇಕು. ಇಡೀ ಚಿತ್ರದ ಬಗ್ಗೆ ಸಾಮಾನ್ಯ ಮಾತು ಹೇಳುವುದು ಸುಲಭ, ಓದುಗನಿಗೆ ಅದರಿಂದ ಏನೂ ಸಿಗುವುದಿಲ್ಲ. ನಾನು ಆರಿಸಿಕೊಂಡದ್ದು ಮೊದಲನೆಯದರ ಅಡಿಗೆಮನೆಯ ದೃಶ್ಯ ಮತ್ತು ಎರಡನೆಯದರ ಮಿಠಾಯಿಯ ದೃಶ್ಯ. ಎರಡರಲ್ಲೂ ಮುದ್ದಾದ, ನಿರುಪದ್ರವಿಯಾದ ಸಣ್ಣ ವಸ್ತುಗಳು ಗುಂಪುಗೂಡಿ ಮೇಲೆ ಬೀಳುತ್ತವೆ.

ಮೊದಲನೆಯದರಲ್ಲಿ ಬರುವವು ತೋಟದಲ್ಲಿ ಅಲಂಕಾರಕ್ಕೆ ನಿಲ್ಲಿಸುವ, ಚೂಪು ಟೋಪಿಯ ಪಿಂಗಾಣಿ ಕುಳ್ಳರು. ಒಬ್ಬನನ್ನು ಒಡೆದರೆ ಅವನು ಚೂರುಚೂರಾಗುತ್ತಾನೆ, ನೋಡುವವರು ಉಸಿರು ಬಿಡುತ್ತಾರೆ. ಅಷ್ಟರಲ್ಲಿ ಚೂರುಗಳು ನೆಲದ ಮೇಲೆ ತೆವಳಿ ಒಂದಕ್ಕೊಂದು ಕೂಡಿಕೊಂಡು ಅವನು ಮತ್ತೆ ಎದ್ದು ನಿಲ್ಲುತ್ತಾನೆ. ಇಲ್ಲಿ ಭಯ ಹುಟ್ಟುವುದು ಕುಳ್ಳನ ಮುಖದಿಂದಲ್ಲ. ಗೆದ್ದೆವೆಂದುಕೊಂಡದ್ದು ಗೆಲುವಲ್ಲ ಎಂಬ ಅರಿವಿನಿಂದ ಹುಟ್ಟುತ್ತದೆ, ಆ ಅರಿವು ನಮಗೆ ಪಿಂಗಾಣಿ ಚೂರಿನ ಸದ್ದಿನ ಮೂಲಕ ಬರುತ್ತದೆ. ನನ್ನ ಜೊತೆ ಕೂತಿದ್ದ ಅಕ್ಕನ ಮಗಳು ಆ ಸದ್ದು ಕೇಳಿದೊಡನೆ ನೇತಾಡುತ್ತಿದ್ದ ಕಾಲುಗಳನ್ನು ಸೋಫಾದ ಮೇಲೆ ಎಳೆದುಕೊಂಡಳು. ಚಿತ್ರ ಮುಗಿಯುವವರೆಗೂ ಇಳಿಸಲಿಲ್ಲ. ಇದನ್ನು ನಾನು ಎಡಗಡೆಯ ಕಂಬದಲ್ಲಿ ಬರೆದುಕೊಂಡೆ.

ಎರಡನೆಯದರಲ್ಲಿ ಬರುವುದು ಬಟ್ಟಲಿನಲ್ಲಿಟ್ಟ ಕರಡಿ ಆಕಾರದ ಜೆಲ್ಲಿ ಮಿಠಾಯಿಗಳು. ಅವು ಕಣ್ಣು ಬಿಟ್ಟು, ಹಲ್ಲು ಕಿರಿದು, ಹಾರಿ ಬೀಳುತ್ತವೆ, ಬಳಿಕ ಒಂದಕ್ಕೊಂದು ಅಂಟಿಕೊಂಡು ದೊಡ್ಡ ಕರಡಿಯಾಗುತ್ತವೆ. ಕಲ್ಪನೆ ಚೆನ್ನಾಗಿದೆ ಎಂದು ಒಪ್ಪಲೇಬೇಕು. ಬಣ್ಣಬಣ್ಣದ ಅರೆಪಾರದರ್ಶಕ ಮೈಯ ಮೇಲೆ ಬೆಳಕು ಬೀಳುವ ರೀತಿಯೂ ಸೊಗಸಾಗಿದೆ. ಆದರೆ ಈ ಕರಡಿಗಳಿಗೆ ಆ ಹುಡುಗರ ಮೇಲೆ ಏನು ಸಿಟ್ಟು? ಅವು ಏಕೆ ಕರಡಿಗಳೇ ಆಗಬೇಕಿತ್ತು, ಗೋಡೆಗಡಿಯಾರವೋ ಚಪ್ಪಲಿಯೋ ಆಗಿದ್ದರೆ ಏನು ವ್ಯತ್ಯಾಸವಾಗುತ್ತಿತ್ತು? ಈ ಪ್ರಶ್ನೆಗಳಿಗೆ ಚಿತ್ರದಲ್ಲಿ ಉತ್ತರವಿಲ್ಲ. ಅವು ಬಟ್ಟಲಿನಲ್ಲಿದ್ದವು, ಆದ್ದರಿಂದ ಎದ್ದವು. ಹುಡುಗಿ ಈ ದೃಶ್ಯದಲ್ಲಿ ನಕ್ಕಳು, ಆಮೇಲೆ ಚಕ್ಕುಲಿ ಡಬ್ಬ ತರಲು ಎದ್ದು ಹೋದಳು, ಚಿತ್ರವನ್ನು ನಿಲ್ಲಿಸು ಎಂದು ಕೇಳಲಿಲ್ಲ. ಮಕ್ಕಳ ಚಿತ್ರದ ವಿಮರ್ಶಕರು ಜೊತೆಗೊಂದು ಮಗುವನ್ನು ಕೂರಿಸಿಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕಾಗಿ: ಮಗುವಿನ ಬಾಯಿಯ ಅಭಿಪ್ರಾಯಕ್ಕಿಂತ ಅದರ ಮೈಯ ಅಭಿಪ್ರಾಯ ಹೆಚ್ಚು ನಂಬಿಕೆಗೆ ಯೋಗ್ಯ. ಚಿತ್ರ ಹೇಗಿತ್ತು ಎಂದು ಕೇಳಿದರೆ ಆಕೆ ಎರಡಕ್ಕೂ ‘ಸೂಪರ್’ ಎಂದಳು.

ದೃಶ್ಯಗಳನ್ನು ಹೀಗೆ ಬಿಡಿಸಿದ ಮೇಲೆ ಕಂಡದ್ದಕ್ಕೆ ಹೆಸರು ಬೇಕಾಗುತ್ತದೆ. ಹೊರಗಿನ ಪರಿಭಾಷೆಯನ್ನು ಹುಡುಕಿಕೊಂಡು ಹೋಗುವ ಮೊದಲು ನಮ್ಮ ಅಲಂಕಾರಶಾಸ್ತ್ರದ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಬಹುದು. ಭಯವೆಂಬ ಸ್ಥಾಯಿಭಾವವು, ಅಂದರೆ ಮನಸ್ಸಿನಲ್ಲಿ ನೆಲೆಯಾಗಿರುವ ಭಾವವು, ಭಯಾನಕ ರಸವಾಗಬೇಕಾದರೆ ವಿಭಾವ, ಅಂದರೆ ಆ ಭಾವಕ್ಕೆ ಕಾರಣವಾಗುವಂಥದ್ದು, ಬೇಕು. ವಿಭಾವದಲ್ಲಿ ಎರಡು ಬಗೆ. ಯಾರನ್ನು ಅಥವಾ ಯಾವುದನ್ನು ಕುರಿತು ಭಾವ ಹುಟ್ಟುತ್ತದೆಯೋ ಅದು ಆಲಂಬನ. ಹುಟ್ಟಿದ ಭಾವವನ್ನು ಕೆರಳಿಸುವ ಕತ್ತಲು, ಗಾಳಿ, ನರಿಯ ಕೂಗು, ಪಾಳುಮನೆ ಇವೆಲ್ಲ ಉದ್ದೀಪನ. ಒಲೆಯಲ್ಲಿ ಕಿಡಿಯಿದ್ದರೆ ಊದುಗೊಳವೆ ಕೆಲಸಕ್ಕೆ ಬರುತ್ತದೆ, ಕಿಡಿಯಿಲ್ಲದೆ ಊದಿದರೆ ಬೂದಿ ಹಾರಿ ಕಣ್ಣಿಗೆ ಬೀಳುತ್ತದೆ.

ಈ ಜೋಡಿಯನ್ನು ಕೈಯಲ್ಲಿ ಹಿಡಿದು ಎರಡನೇ ಭಾಗವನ್ನು ನೋಡಿದರೆ ನಿರಾಸೆಯ ಕಾರಣ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹ್ಯಾಲೋವೀನ್ ಎಂಬ ಹಬ್ಬದ ಅಲಂಕಾರ ಸಾಮಗ್ರಿಯೆಲ್ಲವೂ, ಕೆತ್ತಿದ ಕುಂಬಳಕಾಯಿ, ಬಲೂನಿನ ಜೇಡ, ಅಂಗಡಿಯ ಮುಖವಾಡ, ಗೇಟಿಗೆ ನೇತುಹಾಕಿದ ಅಸ್ಥಿಪಂಜರ, ಸ್ವಭಾವತಃ ಉದ್ದೀಪನವೇ. ಅಮೆರಿಕದ ಮನೆಯವರು ಅವನ್ನು ಕಟ್ಟುವುದು ವಾತಾವರಣಕ್ಕಾಗಿ. ಚಿತ್ರ ಆ ಉದ್ದೀಪನ ಸಾಮಗ್ರಿಗೇ ಜೀವ ಕೊಟ್ಟು ಆಲಂಬನದ ಜಾಗದಲ್ಲಿ ಕೂರಿಸುತ್ತದೆ. ಬೆಲೆಚೀಟಿ ಅಂಟಿದ ಮುಖವಾಡ ಎದ್ದು ಓಡಾಡಿದರೆ ಅದು ಓಡಾಡುವ ಮುಖವಾಡವಾಗುತ್ತದೆ. ಅದರ ಹಿಂದೆ ಯಾರ ಕಥೆಯೂ ಇರುವುದಿಲ್ಲ.

ಮೊದಲ ಚಿತ್ರದ ರಾಕ್ಷಸರಿಗೆ ಹೀಗಾಗಿರಲಿಲ್ಲ. ಅಲ್ಲಿ ಸ್ಟೈನ್ ಒಂದು ಕಡೆ ತನ್ನ ಬಾಲ್ಯವನ್ನು ಹೇಳಿಕೊಳ್ಳುತ್ತಾನೆ: ಅಲರ್ಜಿಯ ಕಾಯಿಲೆಯಿಂದ ಮನೆಯೊಳಗೇ ಉಳಿದ ಹುಡುಗ, ಕಿಟಕಿಗೆ ಕಲ್ಲೆಸೆದು ಅಣಕಿಸುವ ಓರಗೆಯವರು, ಅವರನ್ನು ಹೆದರಿಸಲೆಂದು ತಾನೇ ಕಲ್ಪಿಸಿಕೊಂಡ ರಾಕ್ಷಸ ಗೆಳೆಯರು, ಕೊನೆಗೆ ಅವರು ನಿಜವಾದ ದಿನ. ಈ ಮಾತಿಗೆ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ಆದರೆ ಅದಾದ ಮೇಲೆ ಊರಿಗೆ ನುಗ್ಗುವ ಪ್ರತಿಯೊಂದು ಪ್ರಾಣಿಯೂ ಒಬ್ಬ ಒಂಟಿ ಹುಡುಗನ ಸಿಟ್ಟಿನ ತುಣುಕಾಗಿ ಕಾಣುತ್ತದೆ. ಅವು ತಮ್ಮನ್ನು ಹುಟ್ಟಿಸಿ ಬೀಗ ಹಾಕಿದವನನ್ನು ಹುಡುಕಿಕೊಂಡು ಬರುತ್ತಿವೆ. ಸ್ಲ್ಯಾಪಿ ತನ್ನ ಪುಸ್ತಕವನ್ನೇ ಸುಟ್ಟುಹಾಕುವುದು ಮರಳಿ ಅದರೊಳಗೆ ಹೋಗಲಾರೆನೆಂಬ ಹಠದಿಂದ. ಎಷ್ಟು ಸಣ್ಣ ಕ್ರಿಯೆ, ಎಷ್ಟು ಅರ್ಥ! ಹಾಗಾಗಿ ಯಾವುದೇ ಎರಡನೇ ಭಾಗವನ್ನು ಅಳೆಯಲು ಕೂತಾಗ ಪ್ರತಿ ಭೂತದ ಮುಂದೆಯೂ ಒಂದು ಪ್ರಶ್ನೆ ಇಡಿ: ಇದು ಯಾರ ಭೂತ? ಉತ್ತರ ಸಿಗದ ಭೂತಗಳನ್ನು ಎಣಿಸಿಕೊಳ್ಳಿ.

ಧ್ವನಿಯ ವಿಷಯ ಇಲ್ಲಿಯೇ ಸೇರಿಸಬೇಕು, ಏಕೆಂದರೆ ನಟವರ್ಗದ ಪಟ್ಟಿಯಲ್ಲಿ ಅಡಗಿರುವ ವಿವರವೊಂದು ಕೆಲವೊಮ್ಮೆ ಇಡೀ ವಾದಕ್ಕೆ ಬೆನ್ನೆಲುಬಾಗುತ್ತದೆ. ಮೊದಲ ಚಿತ್ರದಲ್ಲಿ ಸ್ಟೈನ್ ಆಗಿ ನಟಿಸಿದ ಜ್ಯಾಕ್ ಬ್ಲ್ಯಾಕ್ ಅವರೇ ಸ್ಲ್ಯಾಪಿಗೂ ಧ್ವನಿ ಕೊಟ್ಟಿದ್ದಾರೆ. ಲೇಖಕನೂ ಅವನ ಬೊಂಬೆಯೂ ಒಂದೇ ಗಂಟಲಿನಿಂದ ಮಾತನಾಡುತ್ತಾರೆ. ಮಕ್ಕಳಿಗೆ ಇದು ತಿಳಿಯುವುದಿಲ್ಲ, ಆದರೆ ಕಿವಿಗೆ ಏನೋ ಒಂದು ಬಂಧುತ್ವ ತಟ್ಟುತ್ತದೆ. ಎರಡನೆಯದರಲ್ಲಿ ಸ್ಲ್ಯಾಪಿಯ ಧ್ವನಿ ಮಿಕ್ ವಿಂಗರ್ಟ್ ಅವರದು. ಅವರು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದಾರೆ, ಅನುಕರಣೆ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಆದರೂ ಹೊಕ್ಕುಳಬಳ್ಳಿ ಕಡಿದಂತಾಗಿದೆ. ಬೊಂಬೆಗೆ ಈಗ ಜಗಳವಾಡಲು ತನ್ನ ಸೃಷ್ಟಿಕರ್ತನಿಲ್ಲ, ಸಿಕ್ಕ ಮನೆಯವರೊಡನೆ ಆಡಬೇಕು.

ಭಯಕ್ಕೆ ಒಂದು ಕಟ್ಟಳೆಯಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಮುತ್ತಲಿನ ಊರುಗಳಲ್ಲೂ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಪರಿಚಿತರ ಧ್ವನಿಯಲ್ಲಿ ಕೂಗುವ ದೆವ್ವ, ಓಗೊಟ್ಟವನಿಗೆ ಸಾವು, ಬಾಗಿಲ ಬರಹವನ್ನು ಓದಿ ಅದು ಮರಳಿ ಹೋಗುವುದು, ಮರುದಿನ ಮತ್ತೆ ಬಂದು ಮತ್ತೆ ಅದನ್ನೇ ಓದುವುದು. ಆ ದೆವ್ವ ಅಕ್ಷರ ಕಲಿತದ್ದು ಯಾವಾಗ ಎಂದು ನಾವ್ಯಾರೂ ಕೇಳಲಿಲ್ಲ. ಕಟ್ಟಳೆ ಅಷ್ಟು ಖಚಿತವಾಗಿತ್ತು, ಆದ್ದರಿಂದಲೇ ಸೀಮೆಸುಣ್ಣದ ಅಕ್ಷರ ಮಳೆಗೆ ಅಳಿಸಿಹೋಗಿದೆಯೇ ಎಂದು ಮಲಗುವ ಮುನ್ನ ಎದ್ದು ನೋಡುತ್ತಿದ್ದೆವು. ಯಾವುದು ಕಾಪಾಡುತ್ತದೆ, ಅದು ಎಲ್ಲಿ ಕೈಕೊಡಬಹುದು ಎಂಬೆರಡೂ ತಿಳಿದಿರುವಾಗಲೇ ಭಯ ಚುರುಕಾಗುವುದು.

ಮೊದಲ ಚಿತ್ರ ಇದನ್ನು ಚೆನ್ನಾಗಿ ಬಲ್ಲದು. ರಾಕ್ಷಸನನ್ನು ಒಳಗೆ ಸೆಳೆದುಕೊಳ್ಳಲು ಅವನದೇ ಪುಸ್ತಕ ಬೇಕು. ಪುಸ್ತಕಗಳು ಸುಟ್ಟುಹೋದರೆ ಎಲ್ಲರನ್ನೂ ಒಳಗೊಳ್ಳುವ ಹೊಸ ಕಥೆಯನ್ನೇ ಬರೆಯಬೇಕು, ಅದನ್ನು ಸ್ಟೈನ್‌ನ ಹಳೆಯ ಬೆರಳಚ್ಚು ಯಂತ್ರದಲ್ಲೇ ಬರೆಯಬೇಕು. ಕೊನೆಯ ಗಳಿಗೆಯಲ್ಲಿ ಸ್ಲ್ಯಾಪಿ ಅವನ ಬೆರಳುಗಳಿಗೇ ಪೆಟ್ಟು ಮಾಡುತ್ತಾನೆ, ಕಥೆಯನ್ನು ಹುಡುಗ ಮುಗಿಸಬೇಕಾಗುತ್ತದೆ. ತೋಳಮಾನವನಿಗೆ ಬೆಳ್ಳಿಯೆಂದರೆ ಆಗದು ಎಂಬ ಹಳೆಯ ಕಟ್ಟಳೆಯನ್ನು ಹಲ್ಲಿಗೆ ಬೆಳ್ಳಿ ತುಂಬಿಸಿಕೊಂಡ ಪುಕ್ಕಲು ಹುಡುಗನೊಬ್ಬ ಕಚ್ಚಿಯೇ ಪಾಲಿಸುತ್ತಾನೆ. ಹಾಸ್ಯ ಮತ್ತು ಭಯಾನಕ ಎರಡೂ ಒಂದೇ ಎಲೆಯಲ್ಲಿ ಬಡಿಸಿಕೊಳ್ಳುವುದು ಹೀಗೆ. ಎರಡನೆಯದರಲ್ಲಿ ಕಟ್ಟಳೆಗಳು ಸಡಿಲ. ಬೊಂಬೆಯ ಜೇಬಿನ ಚೀಟಿಯಲ್ಲಿರುವ ಮಂತ್ರವಿದೆ, ಪುಸ್ತಕವಿದೆ, ಜೊತೆಗೆ ನಿಕೊಲಾ ಟೆಸ್ಲಾ ಅವರ ಗೋಪುರವೂ ಇದೆ. ಯಾವುದು ಯಾವುದರ ಮೇಲೆ ನಿಂತಿದೆ ಎಂಬುದು ಕೊನೆಯವರೆಗೂ ತಿಳಿಯಾಗುವುದಿಲ್ಲ.

ಈ ಟೆಸ್ಲಾ ಗೋಪುರದ ಬಗ್ಗೆ ನನಗೊಂದು ಸಂಕಟವಿದೆ, ವಿಷಯದ ಹತ್ತಿರದ್ದೇ ಆದ್ದರಿಂದ ಹೇಳಿಬಿಡುತ್ತೇನೆ. ಚಿತ್ರದ ಊರಿನ ಹೆಸರು ವಾರ್ಡನ್‌ಕ್ಲಿಫ್. ನಿಜವಾದ ವಾರ್ಡನ್‌ಕ್ಲಿಫ್ ಗೋಪುರವನ್ನು ಟೆಸ್ಲಾ 1901ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನ ಶೋರಮ್‌ನಲ್ಲಿ ಕಟ್ಟಿಸಲು ಆರಂಭಿಸಿದರು. ತಂತಿಯಿಲ್ಲದೆ ಸಂದೇಶವನ್ನೂ ವಿದ್ಯುತ್ತನ್ನೂ ಕಳಿಸುವ ಕನಸು ಅದು. ಹಣ ಹೂಡಿದ್ದ ಜೆ. ಪಿ. ಮಾರ್ಗನ್ ಕೈಬಿಟ್ಟರು, ಗೋಪುರ ಪೂರ್ಣವಾಗಿ ಕೆಲಸ ಮಾಡದೆ 1917ರಲ್ಲಿ ನೆಲಸಮವಾಯಿತು. ಮುಗಿಸಲಾಗದ ಗೋಪುರವೂ ಮುಗಿಸಲಾಗದ ಹಸ್ತಪ್ರತಿಯೂ ಒಂದೇ ಊರಿನಲ್ಲಿ! ಚಿತ್ರದ ಕೇಂದ್ರದಲ್ಲಿರುವ ಪುಸ್ತಕವೂ ಸ್ಟೈನ್ ಅರ್ಧಕ್ಕೇ ಬಿಟ್ಟದ್ದಾಗಿದೆ. ಇಷ್ಟು ಒಳ್ಳೆಯ ಜೋಡಿ ಕೈಯಲ್ಲಿದ್ದೂ ಚಿತ್ರ ಗೋಪುರವನ್ನು ಕೊನೆಯ ಹೊಡೆದಾಟಕ್ಕೆ ಕಿಡಿ ಹಾರಿಸುವ ಯಂತ್ರವನ್ನಾಗಿ ಬಳಸಿ ಮುಂದೆ ಹೋಗುತ್ತದೆ. ವಿಮರ್ಶೆಯಲ್ಲಿ ಇಂಥ ಕೈತಪ್ಪಿದ ಅವಕಾಶವೊಂದನ್ನು ತೋರಿಸಿಕೊಡುವುದು ಹತ್ತು ದೂರುಗಳಿಗಿಂತ ಮೇಲು. ಆದರೆ ಒಂದಕ್ಕೇ ನಿಲ್ಲಿಸಿ. ಚಿತ್ರ ಹೀಗಿರಬೇಕಿತ್ತು, ಹಾಗಿರಬೇಕಿತ್ತು ಎಂದು ಬರೆಯುತ್ತ ಹೋದರೆ ನೀವು ನೋಡಿದ ಚಿತ್ರವನ್ನು ಬಿಟ್ಟು ನೀವೇ ಮಾಡಬೇಕೆಂದಿದ್ದ ಚಿತ್ರವನ್ನು ವಿಮರ್ಶಿಸುತ್ತೀರಿ.

ಇನ್ನು ಕಳೆದುಕೊಳ್ಳುವುದರ ಲೆಕ್ಕ. ಮಕ್ಕಳ ಭಯಚಿತ್ರದಲ್ಲಿ ಯಾರೂ ಸಾಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು, ಮಕ್ಕಳಿಗಂತೂ ಚೆನ್ನಾಗಿಯೇ ಗೊತ್ತು. ಆದ್ದರಿಂದ ಬೇರೆ ಏನನ್ನೋ ಪಣಕ್ಕಿಡಬೇಕು. ಮೊದಲ ಚಿತ್ರ ಹ್ಯಾನಾಳನ್ನು ಪಣಕ್ಕಿಟ್ಟಿತು. ಸ್ಟೈನ್‌ನ ಮಗಳೆಂದು ನಾವು ತಿಳಿದಿದ್ದ, ಝ್ಯಾಕ್ ಮೆಚ್ಚಿದ ಆ ಹುಡುಗಿಯೂ ಪುಸ್ತಕದಿಂದಲೇ ಬಂದವಳು, ಒಂಟಿತನ ತಾಳಲಾರದೆ ಲೇಖಕ ಬರೆದುಕೊಂಡ ಮಗಳು. ರಾಕ್ಷಸರನ್ನೆಲ್ಲ ಒಳಗೆ ಸೆಳೆಯುವ ಪುಸ್ತಕವನ್ನು ತೆರೆದರೆ ಆಕೆಯೂ ಹೋಗಬೇಕು. ಕೊನೆಯಲ್ಲಿ ಆಕೆಯನ್ನು ಮರಳಿ ಕರೆತರುವುದು ರಿಯಾಯಿತಿಯೇ ನಿಜ, ಆದರೆ ಪುಸ್ತಕ ತೆರೆಯುವ ಆ ಕ್ಷಣದಲ್ಲಿ ಹುಡುಗ ಕೊಡುವ ಬೆಲೆ ಸುಳ್ಳಲ್ಲ. ಎರಡನೇ ಭಾಗವೂ ಪಣವೊಂದನ್ನು ಇಡಲು ನೋಡುತ್ತದೆ: ಸ್ಲ್ಯಾಪಿಗೆ ಒಂದು ಕುಟುಂಬ ಬೇಕು, ಅದಕ್ಕಾಗಿ ಕ್ಯಾಥಿಯನ್ನು ಎಳೆದೊಯ್ದು ತಾಯಿಯನ್ನಾಗಿಸಿಕೊಂಡು ಬೊಂಬೆಯಾಗಿ ಮಾಡುತ್ತಾನೆ. ತಾಯಿ ಬೊಂಬೆಯಾಗುವುದು ಮಗುವಿನ ಎದೆಯನ್ನು ನೇರವಾಗಿ ಹಿಂಡಬಲ್ಲ ಭಯ. ಚಿತ್ರ ಅದನ್ನು ಒಮ್ಮೆ ತೋರಿಸಿ, ಮತ್ತೆ ಬೀದಿಯ ಗದ್ದಲಕ್ಕೆ ಮರಳಿ, ತಾಯಿಯನ್ನು ಮರೆತಂತೆಯೇ ಓಡುತ್ತದೆ. ಸ್ಟೈನ್ ಕೂಡ ಕಾರಿನಲ್ಲಿ ಹೊರಟು ಎಲ್ಲ ಮುಗಿದ ಮೇಲೆ ಬಂದು ಸೇರುತ್ತಾನೆ.

ನ್ಯಾಯವಾಗಿ ಬರೆಯುವವರು ಚಿತ್ರದ ಒಳ್ಳೆಯದನ್ನು ಕೊನೆಯ ಸಾಲಿಗೆ ತಳ್ಳಬಾರದು. ಈ ಎರಡನೇ ಭಾಗದ ಮೊದಲ ಅರ್ಧ ತಾಸು ನಿಜಕ್ಕೂ ಕುತೂಹಲ ಹುಟ್ಟಿಸುತ್ತದೆ. ಸ್ಲ್ಯಾಪಿ ಅಲ್ಲಿ ಹುಡುಗರ ಕೆಲಸ ಮಾಡಿಕೊಡುತ್ತಾನೆ, ಅವರನ್ನು ಪೀಡಿಸುವವರಿಗೆ ಬುದ್ಧಿ ಕಲಿಸುತ್ತಾನೆ. ಬಂದ ಪಿಶಾಚಿ ಉಪಕಾರಿಯಾಗಿರುವಾಗಿನ ಕಸಿವಿಸಿ, ಬೇಡವೆನ್ನಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಹುಡುಗರು ಪರಸ್ಪರ ಮುಖ ನೋಡಿಕೊಳ್ಳುವುದು, ಇವು ನನ್ನ ಎಡಗಡೆಯ ಕಂಬಕ್ಕೆ ಬಂದ ಸಾಲುಗಳು. ಸಾರಾಳ ಪಾತ್ರದಲ್ಲಿ ಮ್ಯಾಡಿಸನ್ ಐಸ್‌ಮನ್ ಸಹಜವಾಗಿ ನಟಿಸಿದ್ದಾರೆ. ಕಾಲೇಜು ಪ್ರವೇಶಕ್ಕಾಗಿ ಭಯದ ಕುರಿತು ಪ್ರಬಂಧ ಬರೆಯಬೇಕಾದ, ಮುಂದೆ ಸಾಲು ಹೊಳೆಯದೆ ಕೂತ ಆ ಹುಡುಗಿಯೇ ನಿಜವಾಗಿ ಈ ಕಥೆಯ ನಾಯಕಿಯಾಗಬೇಕಿತ್ತು. (ನೋಡಿ, ಒಂದಕ್ಕೇ ನಿಲ್ಲಿಸಿ ಎಂದ ನಾನೇ ಎರಡನೆಯದಕ್ಕೆ ಕೈಹಾಕಿದೆ.)

ಹಣಕಾಸಿನ ವಿವರಗಳನ್ನು ಎಷ್ಟು ಬಳಸಬೇಕೆಂಬ ಬಗ್ಗೆ ಒಂದು ಮಾತು. ಮೊದಲ ಚಿತ್ರಕ್ಕೆ ಸುಮಾರು 5.8 ಕೋಟಿ ಡಾಲರ್ ಖರ್ಚಾಗಿತ್ತು, ಜಗತ್ತಿನಾದ್ಯಂತ ಸುಮಾರು 15.8 ಕೋಟಿ ಡಾಲರ್ ಗಳಿಕೆಯಾಯಿತು. ಎರಡನೆಯದರ ವೆಚ್ಚ ಸುಮಾರು 3.5 ಕೋಟಿ, ಗಳಿಕೆ ಸುಮಾರು 9.3 ಕೋಟಿ. ಅವಧಿಯೂ 103 ನಿಮಿಷದಿಂದ 90ಕ್ಕೆ ಇಳಿಯಿತು. ಸಂಗೀತ ಡ್ಯಾನಿ ಎಲ್ಫ್‌ಮನ್ ಅವರಿಂದ ಡೊಮಿನಿಕ್ ಲೂಯಿಸ್ ಅವರ ಕೈಗೆ ಬಂತು. ಇವನ್ನು ವಿಮರ್ಶೆಯಲ್ಲಿ ಹೇಳಬಹುದು, ಆದರೆ ಕಾರಣವಾಗಿ ಹೇಳಬಾರದು. ಪಿಂಗಾಣಿ ಚೂರಿನ ಸದ್ದಿಗೆ ಕೋಟಿ ಡಾಲರ್ ಬೇಕಾಗಿಲ್ಲ. ಹಣ ಕಡಿಮೆಯಾದಾಗ ರಾಕ್ಷಸರ ಸಂಖ್ಯೆಯನ್ನು ಇಳಿಸಿ ಒಬ್ಬನನ್ನೇ ಚೆನ್ನಾಗಿ ಬೆಳೆಸುವ ದಾರಿಯೂ ಇರುತ್ತದೆ. ಈ ಚಿತ್ರ ಕಡಿಮೆ ಹಣದಲ್ಲಿ ಹೆಚ್ಚು ಮುಖವಾಡಗಳ ದಾರಿ ಹಿಡಿಯಿತು. ದೂರಬೇಕಾದದ್ದು ಆ ಆಯ್ಕೆಯನ್ನು.

ಭಾಷೆಯ ಕಡೆಗೂ ಗಮನವಿರಲಿ. ಭಯಚಿತ್ರದ ಕನ್ನಡ ವಿಮರ್ಶೆಗಳಲ್ಲಿ ‘ರೋಮಾಂಚನಕಾರಿ’ ಎಂಬ ಒಂದೇ ಪದ ದುಡಿದು ಸವೆದುಹೋಗಿದೆ. ನಮ್ಮಲ್ಲಿ ನವಿರೇಳುವುದಿದೆ, ಮೈ ಜುಮ್ಮೆನ್ನುವುದಿದೆ, ಎದೆ ಝಲ್ಲೆನ್ನುವುದಿದೆ, ಬೆಚ್ಚಿಬೀಳುವುದಿದೆ. ಇವೆಲ್ಲ ಒಂದೇ ಅಲ್ಲ. ಹಠಾತ್ ಸದ್ದಿಗೆ ಬೆಚ್ಚುತ್ತೇವೆ, ಒಡೆದ ಕುಳ್ಳ ಮತ್ತೆ ಕೂಡಿಕೊಂಡಾಗ ನವಿರೇಳುತ್ತದೆ. ಎರಡನೇ ಭಾಗ ಬೆಚ್ಚಿಸುತ್ತದೆ, ನವಿರೇಳಿಸುವುದಿಲ್ಲ ಎಂದು ಬರೆದರೆ ಓದುಗನಿಗೆ ಒಂದು ಪುಟದ ವಿವರಣೆ ಉಳಿಯುತ್ತದೆ. ನಿರಾಸೆಗೂ ಹಾಗೆಯೇ: ಸಪ್ಪೆ, ಪೇಲವ, ಜಾಳು, ನೀರಸ, ಇವುಗಳಲ್ಲಿ ಯಾವುದು ನಿಮ್ಮ ಚಿತ್ರಕ್ಕೆ ಹೊಂದುತ್ತದೆಂದು ತೂಗಿ ನೋಡಿ. ಈ ಚಿತ್ರ ನೀರಸವಲ್ಲ, ಬೇಕಾದಷ್ಟು ಓಡಾಟವಿದೆ. ಪೇಲವವೂ ಅಲ್ಲ, ಬಣ್ಣ ಕಣ್ಣು ಕುಕ್ಕುತ್ತದೆ. ಇದು ಜಾಳು. ನೇಯ್ಗೆ ಸಡಿಲ.

ಕನ್ನಡ ಓದುಗರಿಗಾಗಿ ಬರೆಯುವಾಗ ಹ್ಯಾಲೋವೀನ್ ಬಗ್ಗೆ ಒಂದು ವಾಕ್ಯ ಬೇಕಾಗಬಹುದು, ಒಂದೇ ಸಾಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ಅಕ್ಟೋಬರ್ 31ರಂದು ವೇಷ ತೊಟ್ಟು ಮನೆಮನೆಗೆ ಮಿಠಾಯಿ ಕೇಳಲು ಹೋಗುತ್ತಾರಾದ್ದರಿಂದ ಬೀದಿಬೀದಿಯ ಅಲಂಕಾರ ಜೀವ ತಳೆಯುವುದು ಅವರಿಗೆ ಪರಿಚಿತ ಲೋಕದ ಬುಡಮೇಲಾಗಿ ಕಾಣಬಹುದು. ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಕೂತು ನೋಡುವ ಮಗುವಿಗೆ ಆ ಕುಂಬಳಕಾಯಿ ಮೊದಲೇ ವಿಚಿತ್ರವಾಗಿದೆ, ಅದು ನಡೆದಾಡಿದರೆ ವಿಶೇಷವೇನಿಲ್ಲ. ಪಕ್ಕದ ಮನೆಯ ಸಿಡುಕು ಮನುಷ್ಯನಾದರೋ ಎಲ್ಲ ಊರಿನಲ್ಲೂ ಇದ್ದಾನೆ. ಮೊದಲ ಚಿತ್ರ ಸಾಗರ ದಾಟಿ ಬಂದದ್ದಕ್ಕೂ ಎರಡನೆಯದು ಬಂದು ನಿಂತಲ್ಲೇ ನಿಂತದ್ದಕ್ಕೂ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಕೊನೆಗೆ ಬರಹವನ್ನು ಕಟ್ಟುವ ಕೆಲಸ. ನಾನು ಯಾವಾಗಲೂ ದೃಶ್ಯದಿಂದ ಆರಂಭಿಸುತ್ತೇನೆ, ನಿರ್ದೇಶಕರ ಹೆಸರಿನಿಂದ ಅಲ್ಲ. ಈ ಚಿತ್ರಕ್ಕಾದರೆ ಮೊದಲ ವಾಕ್ಯ ಹೀಗೆ ಬರಬಹುದು: ‘ಬಟ್ಟಲಿನ ಮಿಠಾಯಿ ಕರಡಿಗಳು ಹಲ್ಲು ಕಿರಿದಾಗ ನಮ್ಮ ಮನೆಯ ಹುಡುಗಿ ಚಕ್ಕುಲಿ ತರಲು ಎದ್ದು ಹೋದಳು.’ ಅದರ ಹಿಂದೆಯೇ ಪಿಂಗಾಣಿ ಕುಳ್ಳರು ಬಂದರೆ ಹೋಲಿಕೆ ತಾನಾಗಿ ನಡೆಯುತ್ತದೆ. ಆಮೇಲೆ ಹಂದರ, ಆಮೇಲೆ ‘ಯಾರ ಭೂತ’ ಎಂಬ ಪ್ರಶ್ನೆ, ಧ್ವನಿಯ ವಿವರ, ಒಳ್ಳೆಯ ಮೊದಲರ್ಧ. ಎರಡನೇ ಭಾಗದ ಕೊನೆಯ ತಿರುವನ್ನು ಮುಚ್ಚಿಡಬೇಕೆನಿಸಿದರೆ ಮುಚ್ಚಿಡಿ. ಸ್ಲ್ಯಾಪಿ ಸ್ಟೈನ್‌ನನ್ನೇ ಪುಸ್ತಕದೊಳಗೆ ಸಿಕ್ಕಿಸುವ ಆ ತಿರುವು ನಿಮ್ಮ ವಾದಕ್ಕೆ ಬೇಕಿದ್ದರೆ ಮುಂಚಿತವಾಗಿ ಎಚ್ಚರಿಸಿ ಹೇಳಿ. ನನಗೆ ಅದು ಬೇಕಾಯಿತು, ಏಕೆಂದರೆ ಲೇಖಕನೂ ಬೊಂಬೆಯೂ ಮತ್ತೆ ಎದುರುಬದುರಾಗುವ, ಚಿತ್ರ ಆರಂಭವಾಗಬೇಕಿದ್ದ ಕ್ಷಣ ಅದು.

ಪೋಷಕರು ಓದುವ ವಿಮರ್ಶೆಯಾದರೆ ವಯಸ್ಸಿನ ವಿಷಯವನ್ನು ಬಿಡಬೇಡಿ. ಭಾರತದ ಪ್ರಮಾಣಪತ್ರಗಳಲ್ಲಿ 2024ರಿಂದ ಯುಎ ವರ್ಗವನ್ನು 7, 13 ಮತ್ತು 16 ವರ್ಷಗಳ ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಆದರೆ ಸಂಖ್ಯೆಗಿಂತ ಯಾವ ದೃಶ್ಯ ಯಾವ ಬಗೆಯ ಮಗುವನ್ನು ಕಾಡಬಹುದೆಂದು ಹೇಳುವುದು ಹೆಚ್ಚು ಉಪಯುಕ್ತ. ಕ್ಯಾಥಿ ಬೊಂಬೆಯಾಗುವ ದೃಶ್ಯ ಆರೇಳು ವರ್ಷದವರಿಗೆ ಕಷ್ಟವಾಗಬಹುದು, ಜೇಡಕ್ಕೆ ಅಂಜುವವರಿಗೆ ಬಲೂನಿನ ಜೇಡ ಸ್ವಲ್ಪ ಹೆಚ್ಚಾದೀತು, ಉಳಿದದ್ದಕ್ಕೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತರೆ ಸಾಕು. ಕರಡನ್ನು ಮುಗಿಸಿದ ಮೇಲೆ ಒಂದು ರಾತ್ರಿ ಹಾಗೇ ಬಿಟ್ಟು, ಬೆಳಗ್ಗೆ ‘ಮೊದಲ ಭಾಗ’ ಎಂಬ ಮಾತು ಎಷ್ಟು ಬಾರಿ ಬಂದಿದೆಯೆಂದು ಎಣಿಸಿ ಅರ್ಧದಷ್ಟನ್ನು ಅಳಿಸಿ. ಅಳಿಸಿದ ಮೇಲೂ ವಾದ ನಿಂತಿದ್ದರೆ ಕಳಿಸಬಹುದು. ಕುಸಿದರೆ ಮಡಚಿದ ಆ ಕಾಗದದ ಎಡಗಡೆಯ ಕಂಬಕ್ಕೆ ಮರಳಿ, ಬರೆದುಕೊಂಡ ನಾಲ್ಕು ಸಾಲಿನಲ್ಲಿ ಯಾವುದನ್ನು ಇನ್ನೂ ಬಳಸಿಲ್ಲವೆಂದು ನೋಡಿ.